ಹದಿನೈದರ ಓದುಗರಿಗೆ ಹಿನ್ನೋಟವಿಲ್ಲದ ಕಥೆ ಬೇಕು

ಮಾನ್ಯ ಸಂಪಾದಕರಿಗೆ,

ಹೈಸ್ಕೂಲು ಮತ್ತು ಪಿಯು ಮಕ್ಕಳು ಕನ್ನಡ ಪುಸ್ತಕಗಳನ್ನು ಓದುತ್ತಿಲ್ಲವೆಂಬ ಅಳಲು ತಮ್ಮ ಪತ್ರಿಕೆಯ ವಾಚಕರ ವಿಭಾಗದಲ್ಲಿ ಕಳೆದ ಕೆಲವು ವಾರಗಳಿಂದ ಮತ್ತೆ ಮತ್ತೆ ಕೇಳಿಬರುತ್ತಿದೆ. ಬರೆದವರೆಲ್ಲರ ಕಾಳಜಿಯೂ ನಿಜವಾದದ್ದೇ. ಆದರೆ ಮೊಬೈಲನ್ನು ದೂರುವ ಆ ಪತ್ರಗಳಲ್ಲಿ ಒಂದಾದರೂ, ಹದಿನಾಲ್ಕರಿಂದ ಹದಿನೆಂಟರ ನಡುವಿನ ಓದುಗರಿಗೆಂದೇ ಬರೆದ ಕನ್ನಡ ಕಾದಂಬರಿಗಳು ಎಷ್ಟಿವೆ, ಇದ್ದವು ಹೇಗಿವೆ ಎಂಬ ಪ್ರಶ್ನೆಯನ್ನು ಎತ್ತಲಿಲ್ಲ. ಮೂವತ್ತೊಂದು ವರ್ಷ ಅಂಕೋಲಾ ಮತ್ತು ಕುಮಟಾ ತಾಲೂಕುಗಳ ಶಾಲೆಗಳಲ್ಲಿ ಕನ್ನಡ ಕಲಿಸಿ ನಿವೃತ್ತಳಾಗಿ, ಈಗ ನಮ್ಮೂರಿನ ಗ್ರಾಮ ಪಂಚಾಯತ್ ಗ್ರಂಥಾಲಯದಲ್ಲಿ ಪ್ರತಿ ಶನಿವಾರ ಮಧ್ಯಾಹ್ನ ಮಕ್ಕಳೊಡನೆ ಕೂತು ಓದುವ ನನಗೆ, ಮೊದಲು ಕೇಳಬೇಕಾದದ್ದು ಆ ಪ್ರಶ್ನೆಯೇ ಎಂದು ತೋರುತ್ತದೆ.

ಗ್ರಂಥಾಲಯದ ಪುಸ್ತಕಗಳ ಹಿಂಬದಿಗೆ ಅಂಟಿಸಿರುವ ದಿನಾಂಕದ ಚೀಟಿಯನ್ನು ನೋಡಿದರೆ ಸಾಕು, ವಿಷಯ ಅರ್ಥವಾಗುತ್ತದೆ. ಪುಟ್ಟ ಮಕ್ಕಳ ಕಥೆಪುಸ್ತಕಗಳ ಚೀಟಿಯಲ್ಲಿ ನೇರಳೆ ಮೊಹರುಗಳು ಒಂದರ ಮೇಲೊಂದು ಬಿದ್ದಿರುತ್ತವೆ. ಐದನೆಯ, ಆರನೆಯ ತರಗತಿಯ ಮಕ್ಕಳು ಅವುಗಳನ್ನು ಕಂಕುಳಲ್ಲಿಟ್ಟುಕೊಂಡು ಓಡುತ್ತಾರೆ. ಅದೇ ಮಗು ಎಂಟನೆಯ ತರಗತಿಗೆ ಬಂದಾಗ ಮುಖಪುಟದ ಮೇಲೆ ಮೊಲದ ಚಿತ್ರವಿರುವ ಪುಸ್ತಕವನ್ನು ಎಲ್ಲರೆದುರು ಎತ್ತಿಕೊಳ್ಳಲು ಸಂಕೋಚಪಡುತ್ತದೆ, ದೊಡ್ಡವರ ಕಪಾಟಿನತ್ತ ಹೋಗಿ ಒಂದು ದಪ್ಪ ಕಾದಂಬರಿಯನ್ನು ಧೈರ್ಯದಿಂದ ಹಿಡಿದುಕೊಂಡು ಮನೆಗೆ ಒಯ್ಯುತ್ತದೆ, ಮುಂದಿನ ವಾರ ಮರಳಿ ತಂದಾಗ ಇಪ್ಪತ್ತಮೂರನೆಯ ಪುಟದಲ್ಲಿ ಗುರುತಿಗೆಂದು ಇಟ್ಟ ಬಸ್ ಟಿಕೇಟು ಅಲ್ಲೇ ಉಳಿದಿರುತ್ತದೆ. ಆ ಟಿಕೇಟನ್ನು ನಾನು ತೆಗೆದಿಡುತ್ತೇನೆ. ಅಲ್ಲಿಂದ ಮುಂದೆ ಎಷ್ಟೋ ಮಕ್ಕಳು ಗ್ರಂಥಾಲಯಕ್ಕೆ ಬರುವುದು ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳಿಗೆ ಮಾತ್ರ.

ಮಕ್ಕಳ ಸಾಹಿತ್ಯದಲ್ಲಿ ಕನ್ನಡ ಹಿಂದೆ ಬಿದ್ದಿದೆ ಎಂದು ನಾನು ಹೇಳುತ್ತಿಲ್ಲ. ನಮ್ಮ ಜಿಲ್ಲೆಯ ಸಿದ್ದಾಪುರದ ತಮ್ಮಣ್ಣ ಬೀಗಾರರಿಗೆ 2022ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂದಾಗ ಇಲ್ಲಿನ ಶಿಕ್ಷಕರೆಲ್ಲ ನಮ್ಮ ಮನೆಗೇ ಬಂದಷ್ಟು ಹಿಗ್ಗಿದೆವು. ಅಕಾಡೆಮಿ ಬಾಲ ಪುರಸ್ಕಾರವನ್ನು 2010ರಲ್ಲಿ, ಯುವ ಪುರಸ್ಕಾರವನ್ನು 2011ರಲ್ಲಿ ಆರಂಭಿಸಿತು. ಆದರೆ ಯುವ ಪುರಸ್ಕಾರ ನೋಡುವುದು ಬರೆಯುವವರ ವಯಸ್ಸನ್ನು. ಮೂವತ್ತೈದು ಮೀರದ ಲೇಖಕರಿಗೆ ಅದು ಸಲ್ಲುತ್ತದೆ. ಓದುವವರ ವಯಸ್ಸನ್ನು ಲೆಕ್ಕಕ್ಕೆ ಹಿಡಿಯುವ ಏರ್ಪಾಡು ನಮ್ಮಲ್ಲಿ ಬಾಲ್ಯದೊಂದಿಗೆ ಮುಗಿದುಹೋಗುತ್ತದೆ. ಮಗುವೂ ಅಲ್ಲದ, ದೊಡ್ಡವರೂ ಅಲ್ಲದ ಆ ನಾಲ್ಕೈದು ವರ್ಷಗಳ ಓದುಗರಿಗೆ ಕಪಾಟಿನಲ್ಲಿ ಒಂದು ಅಡ್ಡಹಲಗೆಯೂ ಇಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ನನ್ನ ಸಹೋದ್ಯೋಗಿಗಳೇ ಅದನ್ನು ಎತ್ತಿದ್ದಾರೆ. ಕನ್ನಡ ಕಥೆ ಕಾದಂಬರಿಗಳಲ್ಲಿ ಬಾಲ್ಯ ಮತ್ತು ಹರೆಯದ ಚಿತ್ರಣಕ್ಕೆ ಬರವೇ, ಅದರಲ್ಲೂ ನಮ್ಮ ಕರಾವಳಿಯ ಬರವಣಿಗೆಯಲ್ಲಿ ಎಂದು ಅವರು ಕೇಳುತ್ತಾರೆ. ಬರವಿಲ್ಲ, ನಿಜ. ಆದರೆ ಆ ಬರವಣಿಗೆ ಬಹುಪಾಲು ನೆನಪಿನದು. ತಮ್ಮ ಹುಟ್ಟೂರಾದ ಹನೇಹಳ್ಳಿಯನ್ನು ಮುಂಬೈಯಲ್ಲಿ ಕೂತು ಬರೆದ ಯಶವಂತ ಚಿತ್ತಾಲರ ಕಥನಕ್ಕೆ ಅದರ ಆಳ ಬಂದದ್ದೇ ಆ ದೂರದಿಂದ. ಅಂಥ ಕಥೆಯನ್ನು ಹೇಳುವವರಿಗೆ ಆ ಹುಡುಗ ಮುಂದೇನಾದ, ಆ ದುಃಖ ಹೇಗೆ ಮಾಗಿತು ಎಂಬುದೆಲ್ಲ ತಿಳಿದಿರುತ್ತದೆ. ವಾಕ್ಯವಾಕ್ಯದಲ್ಲೂ ಆ ತಿಳಿವಳಿಕೆಯ ನೆರಳಿರುತ್ತದೆ. ನಲವತ್ತು ದಾಟಿದ ನನ್ನಂಥವರಿಗೆ ಅದು ಸೊಗಸು. ಹದಿನೈದರ ಹುಡುಗಿಗೆ ಹಿಂತಿರುಗಿ ನೋಡಲು ಇನ್ನೂ ಏನೂ ಇಲ್ಲ. ಅವಳು ಘಟನೆಯ ನಡುವೆ ನಿಂತಿದ್ದಾಳೆ, ನಾಳೆ ಏನಾಗುತ್ತದೆಂದು ಅವಳಿಗೆ ಗೊತ್ತಿಲ್ಲ, ಗೊತ್ತಿಲ್ಲದಿರುವುದೇ ಆ ವಯಸ್ಸಿನ ಅನುಭವ. ಹರೆಯದವರ ಕಾದಂಬರಿ ಜೀವಂತವಾಗುವುದು ಹೇಳುವ ದನಿಯೂ ಅದೇ ಗೊತ್ತಿಲ್ಲದ ಜಾಗದಲ್ಲಿ ನಿಂತಾಗ. ಹೊರಗಿನವರು ಪ್ರಯೋಗ ಎಂದು ಕರೆಯುವುದೆಲ್ಲ, ಅಂದರೆ ದಿನಚರಿ, ಪತ್ರ, ಸಿನಿಮಾದ ಚಿತ್ರಕಥೆ, ಪದ್ಯ, ಚಿತ್ರಗಳಲ್ಲೇ ಸಾಗುವ ಚಿತ್ರಕಾದಂಬರಿ ಇವೆಲ್ಲ, ಈ ಅಗತ್ಯದಿಂದ ಹುಟ್ಟಿದವು ಎಂದು ನಾನು ನಂಬಿದ್ದೇನೆ.

ಅಮೆರಿಕದಲ್ಲಿ ಈ ಬಗೆಯ ಸಾಹಿತ್ಯಕ್ಕೆ ಒಂದು ತಿರುವು ಕೊಟ್ಟಿತೆನ್ನುವ ಎಸ್. ಇ. ಹಿಂಟನ್ ಅವರ ಕಾದಂಬರಿ ಹೊರಬಂದದ್ದು 1967ರಲ್ಲಿ. ಅದನ್ನು ಬರೆಯುವಾಗ ಆಕೆ ಹೈಸ್ಕೂಲಿನ ವಿದ್ಯಾರ್ಥಿನಿ. ಹದಿಹರೆಯದವರ ಪುಸ್ತಕಗಳಿಗೆಂದೇ ಅಲ್ಲಿನ ಗ್ರಂಥಪಾಲಕರು ಕೊಡುವ ಪ್ರಿಂಟ್ಜ್ ಪ್ರಶಸ್ತಿ 2000ದಲ್ಲಿ ಮೊದಲ ಸಲ ಸಂದದ್ದು ವಾಲ್ಟರ್ ಡೀನ್ ಮೈಯರ್ಸ್ ಅವರ ‘ಮಾನ್‌ಸ್ಟರ್’ ಕೃತಿಗೆ. ಈ ಪುಸ್ತಕದ ಬಗ್ಗೆ ತುಸು ವಿವರವಾಗಿ ಹೇಳಲು ಅನುಮತಿ ಕೋರುತ್ತೇನೆ, ಏಕೆಂದರೆ ನನ್ನ ಶನಿವಾರದ ಮಕ್ಕಳಿಗೆ ನಾಲ್ಕು ವಾರ ಕನ್ನಡದಲ್ಲಿ ಬಾಯಿಮಾತಿನಲ್ಲೇ ಹೇಳುತ್ತ ಹೋದದ್ದು ಇದನ್ನೇ.

ನ್ಯೂಯಾರ್ಕಿನ ಹಾರ್ಲೆಮ್‌ನ ಹದಿನಾರು ವರ್ಷದ ಕಪ್ಪು ಹುಡುಗನೊಬ್ಬ ಔಷಧಿ ಅಂಗಡಿಯ ದರೋಡೆಯಲ್ಲಿ ಅಂಗಡಿಯವನು ಸತ್ತ ಪ್ರಕರಣದಲ್ಲಿ ಆರೋಪಿಯಾಗಿ ಜೈಲಿನಲ್ಲಿದ್ದಾನೆ. ಅವನು ಕಾವಲು ನಿಂತು ಸಂಜ್ಞೆ ಕೊಟ್ಟನೆಂಬುದು ಆಪಾದನೆ. ಶಾಲೆಯಲ್ಲಿ ಸಿನಿಮಾ ತಯಾರಿಕೆ ಕಲಿಯುತ್ತಿದ್ದ ಅವನು ತನ್ನ ವಿಚಾರಣೆಯನ್ನು ಚಿತ್ರಕಥೆಯಾಗಿ ಬರೆಯುತ್ತ ಹೋಗುತ್ತಾನೆ; ನಡುನಡುವೆ ಕೈಬರಹದ ದಿನಚರಿಯ ಪುಟಗಳಿವೆ. ನ್ಯಾಯಾಲಯದ ದೃಶ್ಯಗಳಲ್ಲಿ ಅವನು ತನ್ನನ್ನೇ ಕ್ಯಾಮೆರಾದ ಹಿಂದೆ ಅಡಗಿಸಿಕೊಳ್ಳುತ್ತಾನೆ, ದಿನಚರಿಯಲ್ಲಿ ಭಯ ಹೊರಬೀಳುತ್ತದೆ. ಎರಡು ರೂಪಗಳ ನಡುವಿನ ಬಿರುಕಿನಲ್ಲಿ ಓದುಗರು ಇಣುಕಬೇಕು. ಕೊನೆಗೆ ಅವನು ನಿರ್ದೋಷಿ ಎಂದು ತೀರ್ಪಾಗುತ್ತದೆ, ಆದರೆ ಅವನು ಅಪ್ಪಿಕೊಳ್ಳಲು ಕೈಚಾಚಿದಾಗ ಅವನ ಪರವಾಗಿ ವಾದಿಸಿದ ವಕೀಲೆಯೇ ಮುಖ ತಿರುಗಿಸುತ್ತಾಳೆ. ಅವಳು ತನ್ನಲ್ಲಿ ಏನನ್ನು ಕಂಡಳು ಎಂಬುದನ್ನು ತಿಳಿಯಲು ಅವನು ತನ್ನದೇ ಚಿತ್ರವನ್ನು ಮತ್ತೆ ಮತ್ತೆ ತೆಗೆಯುತ್ತಿರುತ್ತಾನೆ.

ನಾಲ್ಕನೆಯ ಶನಿವಾರ ನಾನು ಹೇಳಿ ಮುಗಿಸಿದಾಗ ಯಾರೂ ಏಳಲಿಲ್ಲ. ಅದು ಜೂನ್ ತಿಂಗಳು, ಯಾಂತ್ರಿಕ ದೋಣಿಗಳಿಗೆ 61 ದಿನಗಳ ಮೀನುಗಾರಿಕೆ ನಿಷೇಧ ಇದ್ದ ಕಾಲ, ಹಾಗಾಗಿ ದೋಣಿ ಕೆಲಸಕ್ಕೆ ಹೋಗುವ ದೊಡ್ಡ ಹುಡುಗರೂ ಆ ದಿನ ಬಂದಿದ್ದರು. ಅವರಲ್ಲೊಬ್ಬ, ಎಂದೂ ಬಾಯಿಬಿಡದವನು, ‘ಅಕ್ಕೋರೇ, ಅವ ತಪ್ಪು ಮಾಡಿದ್ನೋ ಇಲ್ವೋ ಅಂತ ಬರೆದವರು ಹೇಳೂದೇ ಇಲ್ವಾ?’ ಎಂದು ಕೇಳಿದ. ಹೇಳುವುದಿಲ್ಲ ಎಂದೆ. ‘ಹಂಗಾದ್ರೆ ನಾವೇ ಹೇಳಬೇಕು’ ಎಂದವನೇ ಪಕ್ಕದವನೊಡನೆ ವಾದಕ್ಕಿಳಿದ. ಗ್ರಂಥಾಲಯದ ಬಾಗಿಲು ಹಾಕುವ ಹೊತ್ತು ಮೀರಿ ಮುಕ್ಕಾಲು ತಾಸು ಆ ವಾದ ನಡೆಯಿತು. ಅವರಲ್ಲಿ ಯಾರಿಗೂ ಚಿತ್ರಕಥೆಯ ರೂಪ ಕಷ್ಟವೆನಿಸಲಿಲ್ಲ. ದೃಶ್ಯ ಕತ್ತರಿಸುವುದು, ಹತ್ತಿರದ ನೋಟ, ದೂರದ ನೋಟ ಇವೆಲ್ಲ ಅವರಿಗೆ ಬಸ್ಸಿನ ವೇಳಾಪಟ್ಟಿಯಷ್ಟೇ ಪರಿಚಿತ. ಕಷ್ಟವಾಗುವುದು ನಮಗೆ.

ತೀರ್ಪು ಕೊಡದ ಕಥೆ ನಮ್ಮ ನೆಲಕ್ಕೆ ಹೊಸದೂ ಅಲ್ಲ. ತಾಳಮದ್ದಲೆಯನ್ನು ರಾತ್ರಿಯಿಡೀ ಕೂತು ಕೇಳುವ ಸೀಮೆ ನಮ್ಮದು. ‘ವಾಲಿವಧೆ’ಯಲ್ಲಿ ಮರೆಯಲ್ಲಿ ನಿಂತು ಬಾಣ ಬಿಟ್ಟೆಯೇಕೆ ಎಂದು ವಾಲಿ ಕೇಳಿದಾಗ, ರಾಮನ ಅರ್ಥ ಹೇಳುವವರು ಎಷ್ಟೇ ಸಮರ್ಥರಾಗಿರಲಿ, ಆ ಪ್ರಶ್ನೆ ಬೆಳಗಿನ ಜಾವ ಮನೆಗೆ ಹೊರಟ ಕೇಳುಗರ ಜೊತೆ ದಾರಿಯುದ್ದಕ್ಕೂ ನಡೆದು ಬರುತ್ತದೆ. ಅಪ್ಪ, ಅಜ್ಜನ ಪಕ್ಕದಲ್ಲಿ ಚಾಪೆಯ ಮೇಲೆ ಕೂತು ಅದನ್ನೆಲ್ಲ ಅರಗಿಸಿಕೊಂಡ ಮಕ್ಕಳಿಗೆ ನಾವು ಪುಸ್ತಕ ಕೊಡುವಾಗ ಮಾತ್ರ, ಕೊನೆಯ ಪುಟದಲ್ಲಿ ಮಾಸ್ತರರೊಬ್ಬರು ಬಂದು ಬುದ್ಧಿ ಹೇಳುವ ಕಥೆಯನ್ನೇ ಆರಿಸುತ್ತೇವೆ. ಹಾಗೆಯೇ ಪದ್ಯದಲ್ಲಿ ಕಾದಂಬರಿಯೇ ಎಂದು ಹುಬ್ಬೇರಿಸುವವರು, ಬನವಾಸಿಯನ್ನು ಹಂಬಲಿಸಿದ ಪಂಪ ಗದ್ಯಪದ್ಯಗಳನ್ನು ಹೆಣೆದ ಚಂಪುವಿನಲ್ಲಿ ಬರೆದನೆಂಬುದನ್ನು ನೆನೆಯಬೇಕು.

ಪದ್ಯರೂಪದ ಕಾದಂಬರಿ ಹರೆಯದ ಓದುಗರಿಗೆ ಏಕೆ ಒಗ್ಗುತ್ತದೆ ಎಂಬುದಕ್ಕೆ ಒಂದು ನಿದರ್ಶನ ಕೊಡುತ್ತೇನೆ. ಕ್ಯಾರನ್ ಹೆಸ್ ಅವರ ‘ಔಟ್ ಆಫ್ ದ ಡಸ್ಟ್’ ಪ್ರಕಟವಾದದ್ದು 1997ರಲ್ಲಿ, ಮರುವರ್ಷ ಅದಕ್ಕೆ ಅಮೆರಿಕದ ಮಕ್ಕಳ ಸಾಹಿತ್ಯದ ನ್ಯೂಬೆರಿ ಪದಕ ಬಂತು. 1930ರ ದಶಕದಲ್ಲಿ ಒಕ್ಲಹೋಮಾದ ಬಯಲಿನಲ್ಲಿ ಎದ್ದ ಧೂಳಿನ ಬಿರುಗಾಳಿಗಳ ನಡುವೆ ಬದುಕುವ ಹದಿನಾಲ್ಕರ ಹುಡುಗಿಯ ಕಥೆ ಅದು. ಸೀಮೆಎಣ್ಣೆಯ ಬೆಂಕಿಯಲ್ಲಿ ತಾಯಿ ತೀರಿಕೊಳ್ಳುತ್ತಾಳೆ. ಉರಿಯುವ ಬಕೆಟ್ಟನ್ನು ಹೊರಗೆಸೆದದ್ದು ಈ ಹುಡುಗಿಯೇ. ಪಿಯಾನೋ ನುಡಿಸುತ್ತಿದ್ದ ಅವಳ ಕೈಗಳೂ ಸುಟ್ಟಿವೆ. ಇದನ್ನು ತುಂಬು ಗದ್ಯದಲ್ಲಿ ಹೇಳಿದ್ದರೆ ಹೇಳುವವಳು ತನ್ನ ದುಃಖವನ್ನು ವಿವರಿಸಬೇಕಾಗುತ್ತಿತ್ತು. ಗಿಡ್ಡ ಸಾಲುಗಳಲ್ಲಿ ಅವಳು ಎಷ್ಟು ಹೇಳಲು ಸಾಧ್ಯವೋ ಅಷ್ಟನ್ನೇ ಹೇಳಿ ನಿಲ್ಲುತ್ತಾಳೆ, ಉಳಿದದ್ದು ಪುಟದ ಬಿಳಿಯಲ್ಲಿ ಇರುತ್ತದೆ. ಓದಿನ ವೇಗ ಕಡಿಮೆಯಿರುವ ಮಕ್ಕಳಿಗೂ ಆ ಬಿಳಿ ಜಾಗ ಒಂದು ಉಪಕಾರ. ಕೊಂಕಣಿಯನ್ನೋ ಮರಾಠಿಯನ್ನೋ ಮನೆಯಲ್ಲಾಡಿ ಶಾಲೆಯಲ್ಲಿ ಕನ್ನಡ ಕಲಿತ ನಮ್ಮ ಕಾರವಾರದ ಮಕ್ಕಳನ್ನು ಕಂಡವರಿಗೆ ಇದು ಸಣ್ಣ ಸಂಗತಿಯಲ್ಲ. ಹೀಗೆಯೇ ಜೀನ್ ಲುಯೆನ್ ಯಾಂಗ್ 2006ರಲ್ಲಿ ಚೀನೀ ಪುರಾಣದ ಕಪಿರಾಜನನ್ನೂ ಅಮೆರಿಕದ ಶಾಲೆಯಲ್ಲಿ ಓದುವ ವಲಸಿಗರ ಮಗನನ್ನೂ ಒಂದೇ ಚಿತ್ರಕಾದಂಬರಿಯಲ್ಲಿ ತಂದರು. ಪ್ರಿಂಟ್ಜ್ ಪ್ರಶಸ್ತಿ ಪಡೆದ ಮೊದಲ ಚಿತ್ರಕಾದಂಬರಿ ಅದು. ಯಕ್ಷಗಾನ ಮೇಳದ ಆಟದಲ್ಲಿ ಹನುಮಂತನ ಪ್ರವೇಶಕ್ಕೆ ಎದ್ದು ನಿಲ್ಲುವ ಮಕ್ಕಳಿಗೆ ಇಂಥದ್ದೊಂದನ್ನು ನಮ್ಮವರು ಯಾಕೆ ಬರೆಯಬಾರದೆಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ರೂಪವನ್ನು ಬದಲಿಸಿದ ಮಾತ್ರಕ್ಕೆ ಪುಸ್ತಕ ಹರೆಯದ್ದಾಗುವುದಿಲ್ಲ ಎಂಬುದನ್ನೂ ಹೇಳಬೇಕು. ಪುಟಗಳ ನಡುವೆ ವಾಟ್ಸ್ಆ್ಯಪ್ ಸಂಭಾಷಣೆ, ನಗುಮುಖದ ಚಿಹ್ನೆಗಳನ್ನು ಸೇರಿಸಿ, ಹುಡುಗನ ಬಾಯಲ್ಲಿ ಮಾತ್ರ ಐವತ್ತರ ಪ್ರಾಯದವರ ಉಪದೇಶವನ್ನೇ ಆಡಿಸುವ ಬರಹಗಳನ್ನು ಮಕ್ಕಳು ಎರಡನೆಯ ಪುಟದಲ್ಲೇ ಗುರುತು ಹಿಡಿಯುತ್ತಾರೆ. ಅವರಿಗೆ ಮೊದಲು ಕಿವಿಗೆ ಬೀಳುವುದು ಮಾತು. ನಮ್ಮ ಜಿಲ್ಲೆಯಲ್ಲಿ ಮಾತೆಂದರೆ ಎಷ್ಟು ಬಗೆ! ಶಿರಸಿ, ಸಿದ್ದಾಪುರದ ಹವ್ಯಕ ಕನ್ನಡ, ಅಂಕೋಲೆಯ ಹಾಲಕ್ಕಿಗಳ ಕನ್ನಡ, ಭಟ್ಕಳದ ನವಾಯತಿ, ಕಾರವಾರದ ಕೊಂಕಣಿ, ಯಲ್ಲಾಪುರ ಮತ್ತು ಹಳಿಯಾಳದ ಸಿದ್ದಿಗಳ ಮಾತು, 1966ರಿಂದ ಮುಂಡಗೋಡಿನಲ್ಲಿ ನೆಲೆಸಿರುವ ಟಿಬೆಟಿಯನ್ನರ ಮನೆಯ ಮಾತು. ಒಂದೇ ಬಸ್ಸಿನಲ್ಲಿ ಕಾಲೇಜಿಗೆ ಹೋಗುವ ಮಕ್ಕಳು ಮನೆಯಲ್ಲೊಂದು, ಗೆಳೆಯರೊಡನೆ ಒಂದು, ಉಪನ್ಯಾಸಕರೆದುರು ಇನ್ನೊಂದು ಭಾಷೆಯಾಡುತ್ತಾರೆ, ಯಾರನ್ನು ಕಂಡಾಗ ಯಾವ ಮಾತು ಎಂಬುದರಲ್ಲೇ ಅವರ ನಾಚಿಕೆ, ಸಲುಗೆ, ಅವಮಾನಗಳೆಲ್ಲ ಅಡಗಿರುತ್ತವೆ. ಆದರೆ ಅವರಿಗಾಗಿ ಬರೆದ ಕಥೆಗಳಲ್ಲಿ ಎಲ್ಲ ಪಾತ್ರಗಳೂ ಪಠ್ಯಪುಸ್ತಕದ ಒಂದೇ ಕನ್ನಡವನ್ನು ಆಡುತ್ತವೆ. ಹೊಸ ರೂಪಗಳ ಬಗ್ಗೆ ಯೋಚಿಸುವ ಮೊದಲು ನಮ್ಮ ಲೇಖಕರು ಬೆಳಗಿನ ಎಂಟೂವರೆಯ ಬಸ್ಸಿನಲ್ಲಿ ಒಂದು ವಾರ ಪ್ರಯಾಣ ಮಾಡಿದರೂ ಸಾಕು.

ಈಗ ನನ್ನ ಮನಸ್ಸಿನಲ್ಲಿ ಬಹಳ ದಿನಗಳಿಂದ ಕೊರೆಯುತ್ತಿರುವ ಒಂದು ವಿಷಯಕ್ಕೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ಇಲ್ಲಿನ ಒಂದು ಸಂಸ್ಥೆ ಹೈಸ್ಕೂಲು ಮಕ್ಕಳಿಗಾಗಿ ಕಥಾಸ್ಪರ್ಧೆ ನಡೆಸಿತ್ತು. ಮೂವರು ತೀರ್ಪುಗಾರರಲ್ಲಿ ನಾನೂ ಒಬ್ಬಳು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕಳಿಸಿದ ಕಥೆಗೆ ಪ್ಯಾರಾಗಳಿರಲಿಲ್ಲ. ನಮ್ಮ ಜಿಲ್ಲೆಯಲ್ಲಿ ಮಳೆಗಾಲ ಜೋರಾದಾಗ ರಾತ್ರಿ ಮನೆಮನೆಯ ಮೊಬೈಲಿಗೆ ‘ನಾಳೆ ಶಾಲೆಗಳಿಗೆ ರಜೆ’ ಎಂಬ ಪ್ರಕಟಣೆ ಬರುತ್ತದಲ್ಲ, ಅಂಥ ಹನ್ನೊಂದು ಪ್ರಕಟಣೆಗಳನ್ನು ದಿನಾಂಕಸಹಿತ ಒಂದರ ಕೆಳಗೊಂದು ಬರೆದು, ಪ್ರತಿಯೊಂದರಡಿ ಮೂರೋ ನಾಲ್ಕೋ ಸಾಲು ಬರೆದಿದ್ದಳು. ಮೊದಲ ರಜೆಯ ಕೆಳಗೆ ಹಲಸಿನ ಹಪ್ಪಳ ಸುಟ್ಟ ಸಂಭ್ರಮ. ನಾಲ್ಕನೆಯದರ ಕೆಳಗೆ ದೋಣಿಗೆ ಹೋಗದೆ ಮನೆಯಲ್ಲಿರುವ ಅಪ್ಪ, ಅಮ್ಮನೊಡನೆ ಅವನಾಡದ ಮಾತು. ಆರನೆಯದರ ಕೆಳಗೆ, ಶಾಲೆಯಿಲ್ಲವಾದ್ದರಿಂದ ತಮ್ಮನಿಗೆ ಬಿಸಿಯೂಟವಿಲ್ಲ, ಅಜ್ಜಿ ತನ್ನ ಗಂಜಿಯ ಬಟ್ಟಲನ್ನು ಅವನ ಕಡೆ ಸರಿಸಿದಳು ಎಂಬ ಒಂದೇ ವಾಕ್ಯ. ಎಂಟು, ಒಂಬತ್ತರಲ್ಲಿ ಹೊಳೆಯ ನೀರು ಮೆಟ್ಟಿಲು ಮೆಟ್ಟಿಲೇ ಏರುತ್ತದೆ, ಹಸುವನ್ನು ಗುಡ್ಡದ ಮನೆಗೆ ಸಾಗಿಸುತ್ತಾರೆ. ಹನ್ನೊಂದೂ ಮುಗಿದ ಮೇಲೆ ದಿನಾಂಕ ಮಾತ್ರ ಬರೆದು, ‘ಇವತ್ತು ಸಂದೇಶ ಬರಲಿಲ್ಲ’ ಎಂದು, ಅದರ ಕೆಳಗೆ ‘ನನ್ನ ಪಟ್ಟಿಪುಸ್ತಕ ಇನ್ನೂ ಒಣಗಿಲ್ಲ’ ಎಂದು ಬರೆದು ನಿಲ್ಲಿಸಿದ್ದಳು.

ಉಳಿದಿಬ್ಬರು ಇದನ್ನು ಕಥೆಯೆಂದು ಒಪ್ಪಲಿಲ್ಲ. ಆರಂಭ, ಬೆಳವಣಿಗೆ, ಮುಕ್ತಾಯ ಇಲ್ಲ, ಮೇಲಾಗಿ ನಿಯಮದಲ್ಲಿ ಹೇಳಿದ ನೀತಿಯೂ ಇಲ್ಲ ಎಂದರು. ನಾನು ಅರ್ಧ ಗಂಟೆ ವಾದಿಸಿದೆ, ಕೊನೆಗೆ ಫಲಿತಾಂಶದ ಹಾಳೆಗೆ ಸಹಿ ಹಾಕಿದೆ. ಸಹಿ ಹಾಕಬಾರದಿತ್ತು. ಬಹುಮಾನ ಬಂದದ್ದು ಮೊಬೈಲಿನಿಂದ ಕೆಟ್ಟು ತಂದೆಯ ಮಾತಿನಿಂದ ಸುಧಾರಿಸಿದ ಹುಡುಗನ ಕಥೆಗೆ. ಆ ಹುಡುಗಿಗೆ ಪದ್ಯಕಾದಂಬರಿಯೂ ಗೊತ್ತಿರಲಿಲ್ಲ, ಪ್ರಿಂಟ್ಜ್ ಪ್ರಶಸ್ತಿಯೂ ಗೊತ್ತಿರಲಿಲ್ಲ. ತನ್ನ ಮನೆಯಲ್ಲಿ ನಡೆದದ್ದನ್ನು ಹೇಳಲು ಯಾವ ಪಾತ್ರೆ ಕೈಗೆ ಸಿಕ್ಕಿತೋ ಅದನ್ನೇ ಎತ್ತಿಕೊಂಡಿದ್ದಳು, ನಾಳೆ ರಜೆಯೋ ಅಲ್ಲವೋ ಎಂದು ತಿಳಿಯದ ರಾತ್ರಿಗಳನ್ನು ಹೇಳಲು ಅದಕ್ಕಿಂತ ಸರಿಯಾದ ಪಾತ್ರೆ ಇರಲೂ ಇಲ್ಲ.

2024ರ ಜುಲೈ 16ರಂದು ನಮ್ಮ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದಾಗ, ಮೂರೇ ವಾರಗಳಲ್ಲಿ ಕಾಳಿ ನದಿಯ ಹಳೆಯ ಸೇತುವೆಯೂ ಬಿದ್ದಾಗ, ಈ ಮಕ್ಕಳೆಲ್ಲ ಅದರ ನಡುವೆಯೇ ಇದ್ದರು. ದಿನಗಟ್ಟಲೆ ರಸ್ತೆಯಿಲ್ಲ, ಕಾಲೇಜಿಲ್ಲ, ಗಂಗಾವಳಿ ನದಿಯಲ್ಲಿ ಕಾಣೆಯಾದವರ ಶೋಧ ನಡೆಯುತ್ತಲೇ ಇತ್ತು. ಪತ್ರಿಕೆಗಳು ವರದಿ ಮಾಡಿದವು, ಹಿರಿಯರು ಲೇಖನ ಬರೆದರು. ಹದಿನಾರು ವರ್ಷದವರ ಕಣ್ಣಿನಿಂದ, ಹದಿನಾರು ವರ್ಷದವರಿಗಾಗಿ ಬರೆದ ಒಂದು ಕಥೆಯನ್ನೂ ನಾನು ಈವರೆಗೆ ಓದಿಲ್ಲ. ಪ್ರೀತಿ, ಜಾತಿ, ಮೈಯ ಬದಲಾವಣೆ, ಮನೆಯ ಸಾಲ ಇವನ್ನು ಆ ವಯಸ್ಸಿನವರ ಪುಸ್ತಕದಲ್ಲಿ ತರಬಾರದೆಂದು ಹೆದರುವ ಪಾಲಕರನ್ನು ನಾನು ಬಲ್ಲೆ, ಅವರ ಹೆದರಿಕೆಯನ್ನು ಗೌರವಿಸುತ್ತೇನೆ. ಆದರೆ ಇವೆಲ್ಲ ಮಕ್ಕಳ ಬದುಕಿಗೆ ಆಗಲೇ ಬಂದಾಗಿದೆ, ಪುಸ್ತಕಕ್ಕೆ ಮಾತ್ರ ಬಂದಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ವಾರದ ಪುರವಣಿಯಲ್ಲಿ ಪುಟಾಣಿಗಳಿಗೆ ಒಂದು ಪುಟವಿದೆ, ದೊಡ್ಡವರ ಕಥೆಗೆ ಒಂದು ಪುಟವಿದೆ. ಅವೆರಡರ ನಡುವೆ ಹರೆಯದವರಿಗೆ ಒಂದು ಅರ್ಧ ಪುಟವನ್ನಾದರೂ ಕೊಟ್ಟು, ಹಿಂದೆ ಪತ್ರಿಕೆಗಳು ಧಾರಾವಾಹಿಗಳಿಂದ ಓದುಗರನ್ನು ಬೆಳೆಸಿದಂತೆ, ಅಲ್ಲಿ ಒಂದು ಧಾರಾವಾಹಿಯನ್ನು ಪ್ರಕಟಿಸಬೇಕು. ಅದು ದಿನಚರಿಯಾಗಿರಲಿ, ಪದ್ಯವಾಗಿರಲಿ, ಚಿತ್ರವಾಗಿರಲಿ, ಲೇಖಕರ ಮೇಲೆ ನೀತಿಯ ನಿಯಮವೊಂದನ್ನು ಹೇರದಿರಿ. ವಾರಕ್ಕೊಂದು ಕಂತು ಬಂದರೆ ನಮ್ಮ ಗ್ರಂಥಾಲಯದಲ್ಲಿ ಅದನ್ನು ಕತ್ತರಿಸಿ ಅಂಟಿಸಿ ಪುಸ್ತಕ ಮಾಡುವ ಕೆಲಸವನ್ನು ನಾನು ವಹಿಸಿಕೊಳ್ಳುತ್ತೇನೆ, ಅಂಥದ್ದೇ ಕೆಲಸಕ್ಕೆ ಬೇರೆ ಗ್ರಂಥಾಲಯಗಳ ಮೇಲ್ವಿಚಾರಕರನ್ನೂ ಕೇಳುತ್ತೇನೆ.

ರಜೆಯ ಪ್ರಕಟಣೆಗಳ ಆ ಕಥೆಯ ಪ್ರತಿ ನನ್ನ ಬಳಿ ಇನ್ನೂ ಇದೆ. ಅದನ್ನು ಬರೆದವಳು ಈಗ ಪಿಯು ಎರಡನೆಯ ವರ್ಷದಲ್ಲಿದ್ದಾಳೆ. ಕಳೆದ ವಾರ ಅವಳ ಮನೆಗೆ ಹೋಗಿ, ಸಹಿ ಹಾಕಿದ್ದಕ್ಕೆ ಕ್ಷಮೆ ಕೇಳಿ, ಕಥೆಯನ್ನು ತಮಗೆ ಕಳಿಸಲೇ ಎಂದು ವಿಚಾರಿಸಿದೆ. ಎರಡು ಸಾಲು ತಿದ್ದಬೇಕು, ಶನಿವಾರ ಕೊಡುತ್ತೇನೆ ಎಂದಿದ್ದಾಳೆ. ಕೈಗೆ ಬಂದ ಕೂಡಲೇ ಅಂಚೆಯಲ್ಲಿ ಕಳಿಸುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಶಿಕ್ಷಕಿ,
ಅಂಕೋಲಾ ತಾಲೂಕು, ಉತ್ತರ ಕನ್ನಡ